ಬೆಂಕಿ ಕಂಡ ಕತ್ತಿ

ಹುಣಸೂರಿನ ಪೇಟೆ ಬೀದಿಯಲ್ಲಿ ಕಲಾಯಿ ಸರ್ದಾರ್ ಪಾಷಾನ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಕಿಲುಬು ಹಿಡಿದು ಹಸಿರುಗಟ್ಟಿದ ತಾಮ್ರದ ಪಾತ್ರೆಯನ್ನು ಬೆಳಿಗ್ಗೆ ಅವನ ಮುಂದೆ ಇಟ್ಟು ಹೋದರೆ, ಸಂಜೆ ಹೊತ್ತಿಗೆ ಅದರೊಳಗೆ ಬಗ್ಗಿ ನೋಡಿದವರಿಗೆ ತಮ್ಮ ಮುಖವೇ ಕಾಣುತ್ತಿತ್ತು. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದು ತುಸು ಹೆಚ್ಚೇ ಆಗಿತ್ತು ಅನ್ನಬೇಕು. ಒಂದು ಕೆಲಸ ಚೆನ್ನಾಗಿ ಕೈಗೆ ಹತ್ತಿದವನಿಗೆ ಲೋಕದ ಮಿಕ್ಕ ಕೆಲಸಗಳೆಲ್ಲ ಅದರ ತಮ್ಮಂದಿರಂತೆ ಕಾಣುವ ಒಂದು ಕಾಯಿಲೆ ಇದೆಯಲ್ಲ, ಅದು ಇವನಿಗೆ ಬಲವಾಗಿಯೇ ಅಂಟಿತ್ತು. ಮೂವತ್ತಮೂರು ವರ್ಷ, ಅಗಲವಾದ ಎದೆ, ಇದ್ದಿಲ ಹೊಗೆಗೆ ಸದಾ ಕೆಂಪಗಿರುವ ಕಣ್ಣು, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಊರಿನ ಜನ ಗಂಭೀರರೆಂದು ತಿಳಿಯುತ್ತಾರೆ. ಇವನದು ಗಾಂಭೀರ್ಯವಲ್ಲ. ಆಡಬೇಕಾಗಿದ್ದ ಒಂದು ಮಾತನ್ನು ಹದಿನೇಳನೆಯ ವಯಸ್ಸಿನಲ್ಲಿ ನುಂಗಿಕೊಂಡಿದ್ದ. ಅದು ಅಂದಿನಿಂದ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಅವನ ತಂದೆ ಅಸದುಲ್ಲಾ ಸಾಹೇಬರು ಕ್ಷೌರದವರು. ಕಾಫಿ ಕಾರ್ಖಾನೆಯ ಗೇಟಿನ ಎದುರು, ಮರದ ಡಿಪೋದ ಬೇಲಿಯ ಪಕ್ಕ, ವಾರಕ್ಕೊಮ್ಮೆ ಕಟ್ಟೆಮಳಲವಾಡಿ ಕಡೆಯ ಹಳ್ಳಿಗಳ ಜಗಲಿಗಳ ಮೇಲೆ, ಹೀಗೆ ಹೆಗಲಿಗೆ ಹಡಪ ಏರಿಸಿಕೊಂಡು ನಲವತ್ತು ವರ್ಷ ತಿರುಗಿದವರು. ಹಡಪ ಎಂದರೆ ಅವರ ಚರ್ಮದ ಚೀಲ. ಕತ್ತಿ, ಕತ್ತರಿ, ಸಾಣೆಕಲ್ಲು, ನೀರಿನ ಬಟ್ಟಲು, ಅಂಗೈಯಗಲದ ಕನ್ನಡಿ, ಎಲ್ಲ ಅದರಲ್ಲೇ. ಓಣಿಯ ಮದುವೆಗಳಲ್ಲಿ ಮದುಮಗನ ಕ್ಷೌರ ಮುಗಿಸಿದ ಮೇಲೆ ಸಾಹೇಬರು ಬಾಗಿಲ ಹೊರಗೆ ಗೋಡೆಗೊರಗಿ ಕೂರುತ್ತಿದ್ದರು. ಊಟಕ್ಕೆ ಅವರನ್ನು ಕೊನೆಯ ಸಾಲಿಗೆ ಕರೆಯುತ್ತಿದ್ದರು. ಅವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಅನ್ನ ಬಿಸಿಯಾಗಿದ್ದರೆ ಸಾಕಿತ್ತು. ಆಗುತ್ತಿದ್ದದ್ದು ಮಗನಿಗೆ. ಜೊತೆಯ ಹುಡುಗರು ಅವನ ಕೆನ್ನೆಯ ಮೇಲೆ ಬೆರಳನ್ನು ಕತ್ತಿಯ ಹಾಗೆ ಎಳೆದು ನಗುತ್ತಿದ್ದರು. ಹದಿನಾರು ತುಂಬಿದ್ದೇ ತಡ, ಅಪ್ಪನ ಕೆಲಸ ತನಗೆ ಬೇಡವೇ ಬೇಡ ಎಂದು ಹಟ ಹಿಡಿದು, ಪಿರಿಯಾಪಟ್ಟಣದಲ್ಲಿದ್ದ ಒಬ್ಬ ಕಲಾಯಿ ಉಸ್ತಾದರ ಬಳಿ ಹೋಗಿ ಸೇರಿಕೊಂಡ. ಸಾಹೇಬರು ತಡೆಯಲಿಲ್ಲ. ದಾರಿಗೆಂದು ಎರಡು ರೊಟ್ಟಿ ಕಟ್ಟಿಸಿ ಕೊಟ್ಟರು.

ಯಾರ ಮಗ ಎಂದು ಉಸ್ತಾದರು ಕೇಳಿದಾಗ ಅವನು, ಡಿಪೋದ ಕಾವಲುಗಾರರ ಮಗ ಎಂದುಬಿಟ್ಟ. ಸಣ್ಣ ಸುಳ್ಳು. ಆದರೆ ಮುಂದಿನ ವರ್ಷ ಒಂದು ಮಧ್ಯಾಹ್ನ ಆ ಸುಳ್ಳನ್ನು ಹುಡುಕಿಕೊಂಡು ಬಂದ ಹಾಗೆ ಅಸದುಲ್ಲಾ ಸಾಹೇಬರೇ ಅಂಗಡಿಯ ಮುಂದೆ ಬಂದು ನಿಂತರು. ಹುಣಸೂರಿನಿಂದ ನಡೆದುಕೊಂಡೇ ಬಂದಿದ್ದರು. ಮೊಣಕಾಲ ತನಕ ದೂಳು, ಹೆಗಲ ಮೇಲೆ ಹಡಪ. ಏನು ಬೇಕಾಗಿತ್ತು ಎಂದು ಉಸ್ತಾದರು ಕೇಳಿದರು. ಸಾಹೇಬರು ಮಗನ ಕಡೆ ನೋಡಿದರು. ಮಗ ತಲೆ ತಗ್ಗಿಸಿ ತಿದಿಯನ್ನು ಇನ್ನೂ ಜೋರಾಗಿ ಒತ್ತತೊಡಗಿದ. ಸಾಹೇಬರಿಗೆ ಅರ್ಥವಾಯಿತು. ದಿನವೂ ಜನರ ಮುಖವನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ಅರ್ಥವಾಗದೆ ಇರುತ್ತದೆಯೇ?

ಹಡಪದೊಳಗೆ ಕೈಹಾಕಿ ತಮ್ಮ ತಾಮ್ರದ ಬಟ್ಟಲನ್ನು ತೆಗೆದು, “ಇದಕ್ಕೆ ಕಲಾಯಿ ಆಗ್ಬೇಕಿತ್ತು” ಎಂದರು.

ಉಸ್ತಾದರು ಅದನ್ನು ಹುಡುಗನ ಕಡೆಗೆ ಉರುಳಿಸಿದರು. ಹುಡುಗ ಅದನ್ನು ಉಜ್ಜಿದ, ಕಾಯಿಸಿದ, ನವಸಾಗರದ ಪುಡಿ ಎರಚಿದ, ತವರ ಸವರಿ ಅರಳೆಯಿಂದ ಒರೆಸಿದ. ಅಲ್ಲಿಯವರೆಗೆ ಅಷ್ಟು ಚೆನ್ನಾಗಿ ಅವನು ಯಾವ ಪಾತ್ರೆಗೂ ಕಲಾಯಿ ಹಾಕಿರಲಿಲ್ಲ. ಸಾಹೇಬರು ಬಟ್ಟಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, “ಚೆನ್ನಾಗಿ ಮಾಡವ್ನೆ ನಿಮ್ ಹುಡ್ಗ” ಎಂದು ಉಸ್ತಾದರಿಗೆ ಹೇಳಿ, ಕೂಲಿ ಕೊಟ್ಟು, ಬಂದ ದಾರಿಯಲ್ಲೇ ತಿರುಗಿ ಹೊರಟರು. ರಸ್ತೆಯ ತಿರುವಿನ ತನಕ ಮಗ ನೋಡುತ್ತಲೇ ಇದ್ದ. ಅಬ್ಬಾ ಎನ್ನುವ ಕರೆ ಹಲ್ಲಿನ ತನಕ ಬಂತು, ಅಲ್ಲೇ ನಿಂತಿತು.

ಆ ವರ್ಷ ರಂಜಾನಿಗೆ ಮನೆಗೆ ಬಂದಾಗ ಸಾಹೇಬರು ಆ ಸುದ್ದಿ ಎತ್ತಲಿಲ್ಲ. ಮಗನೂ ಎತ್ತಲಿಲ್ಲ. ಹಾಗೇ ವರ್ಷಗಳು ಹೋದವು. ತಾಯಿ ಅಜೀಜುನ್ನೀಸಾ ತೀರಿಕೊಂಡಳು, ಉಸ್ತಾದರು ತೀರಿಕೊಂಡರು. ಸರ್ದಾರ್ ಪಾಷಾ ಹುಣಸೂರಿಗೇ ಬಂದು ಅಂಗಡಿ ಹಾಕಿದ, ನಫೀಸಾಳನ್ನು ಮದುವೆಯಾದ. ಸಾಹೇಬರ ಎರಡು ಕಣ್ಣಿಗೂ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದಂತಾಯಿತು. ಹಡಪ ಅಟ್ಟ ಸೇರಿತು.

ಮದುವೆಯಾಗಿ ಒಂಬತ್ತು ವರ್ಷಕ್ಕೆ, ಎರಡು ಬಸಿರು ನಿಲ್ಲದೆ ಹೋದ ಮೇಲೆ, ನಫೀಸಾ ಒಂದು ಹೆಣ್ಣುಮಗುವನ್ನು ಹೆತ್ತಳು. ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ, ಮುಂಗಾರು ಮೋಡ ಕಟ್ಟುವ ಕಾಲ. ಏಳನೆಯ ದಿನ ಮಗುವಿನ ಹುಟ್ಟುಗೂದಲು ತೆಗೆದು, ಆಡು ಕೊಯ್ದು, ಹೆಸರಿಡುವುದು ಪದ್ಧತಿ. ಅದನ್ನು ಅಖೀಖಾ ಅನ್ನುತ್ತಾರೆ. ಎರಡನೆಯ ದಿನವೇ ಸಾಹೇಬರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಕೂದಲನ್ನು ಹೆಬ್ಬೆರಳಿನಿಂದ ನೇವರಿಸುತ್ತ ಮಗನನ್ನು ಕರೆದರು. ಮನೆಯಲ್ಲಿ ಎಲ್ಲರ ಮಾತೂ ಉರ್ದು. ಆದರೆ ಕ್ಷೌರದ ವಿಷಯ ಬಂದರೆ ಸಾಹೇಬರ ಬಾಯಿಗೆ ತಾನಾಗಿ ಕನ್ನಡವೇ ಬರುತ್ತಿತ್ತು. ಆ ಕೆಲಸವನ್ನು ಅವರು ಮಾಡಿದ್ದೆಲ್ಲ ಗೌಡರ ಜೊತೆ, ಗಾಡಿಯವರ ಜೊತೆ, ಕನ್ನಡದಲ್ಲೇ.

“ಹಡಪದಲ್ಲಿ ಬಿಲಾಯ್ತಿ ಕತ್ತಿ ಐತೆ. ಮಗೀನ ಕೂದ್ಲು ಅದ್ರಲ್ಲೇ ಇಳೀಬೇಕು ಕಣಪ್ಪ” ಎಂದರು. “ನನ್ ಕೈಲಿ ಆಗಲ್ಲ, ನೀನು ತಗೀತೀಯ. ಪಕ್ಕದಲ್ಲಿ ಕುಂತು ನಾನು ಹೇಳ್ತೀನಿ. ಒಂದೇ ಒಂದ್ಸಲ ಆ ಕತ್ತಿ ನಿನ್ನ ಕೈಲಿರ್ಲಿ. ಆಮೇಲೆ ನಿನ್ ತವರ ನಿಂಗೆ.”

ಆ ಕತ್ತಿಯ ಕಥೆ ಮನೆಯವರಿಗೆಲ್ಲ ಗೊತ್ತಿತ್ತು. ಕಾಫಿ ಕಾರ್ಖಾನೆಯ ದೊರೆಯೊಬ್ಬ ಸೀಮೆಗೆ ಹಿಂದಿರುಗುವಾಗ, ಹತ್ತು ವರ್ಷ ತನ್ನ ಗಡ್ಡ ಹೆರೆದ ಕೈಗೆ ತನ್ನ ಕತ್ತಿಯನ್ನೇ ಕೊಟ್ಟು ಹೋಗಿದ್ದ. ಕರಿ ಕೊಂಬಿನ ಹಿಡಿ, ಅದರೊಳಗೆ ಮಡಚಿಕೊಳ್ಳುವ ಅಲಗು. ಸಾಹೇಬರು ಅದನ್ನು ಮಗುವಿನಂತೆ ನೋಡಿಕೊಂಡಿದ್ದರು.

ಸರ್ದಾರ್ ಪಾಷಾ ಅಟ್ಟ ಹತ್ತಿದ. ಹಡಪದ ಅಂಚನ್ನು ಇಲಿ ಕಡಿದಿತ್ತು. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಕತ್ತಿ ಸಿಕ್ಕಿತು. ಎಣ್ಣೆ ಎಂದೋ ಒಣಗಿ ಹೋಗಿ, ಅಲಗಿನ ಮೇಲೆಲ್ಲ ತುಕ್ಕು ಹಕ್ಕಳೆಗಟ್ಟಿತ್ತು. ಮಡಿಕೆ ಬಿಡಿಸಲು ಹೋದರೆ ಕಿರ್ರೆಂದಿತು. ಅದರ ಕೆಳಗೆ, ಚೀಲದ ತಳದಲ್ಲಿ, ಇನ್ನೊಂದು ಗಂಟು ಕೈಗೆ ತಗುಲಿತು. ಬಿಚ್ಚಿ ನೋಡಿದ. ಆ ತಾಮ್ರದ ಬಟ್ಟಲು. ಹದಿನಾರು ವರ್ಷದ ಹಿಂದೆ ತಾನು ಹಾಕಿದ ಕಲಾಯಿ ಹಾಗೇ ಇತ್ತು. ಒಂದು ಗೀರಿಲ್ಲ, ಸೋಪಿನ ಕಲೆಯಿಲ್ಲ, ನೀರು ನಿಂತ ಗುರುತಿಲ್ಲ. ಅಬ್ಬಾ ಆವತ್ತಿನಿಂದ ಇದನ್ನು ಮುಟ್ಟಿಯೇ ಇಲ್ಲ. ಮುಟ್ಟಲು ಅವರಿಗೆ ಮನಸ್ಸೇ ಬಂದಿಲ್ಲ. ಅಷ್ಟು ನೋವಾಗಿದೆ ಅವರಿಗೆ, ಅದನ್ನು ಗಂಟು ಕಟ್ಟಿ ತಳಕ್ಕೆ ತುರುಕಿದ್ದಾರೆ. ಹೀಗಂದುಕೊಂಡು ಬಟ್ಟಲನ್ನು ಇದ್ದ ಹಾಗೇ ಸುತ್ತಿ ಮತ್ತೆ ತಳಕ್ಕೆ ಇಟ್ಟುಬಿಟ್ಟ.

ಕೆಳಗಿಳಿದಾಗ ಸಾಹೇಬರು ಕೈ ಚಾಚಿದರು. ತುಕ್ಕು ಹಿಡಿದಿರಬೇಕು, ಪರವಾಗಿಲ್ಲ, ಇಬ್ಬರೂ ಕೂತು ನಿಧಾನವಾಗಿ ಮಾಡೋಣ, ಎಣ್ಣೆ ಬಿಟ್ಟು ಕಲ್ಲಿನ ಮೇಲೆ ದಿನಕ್ಕಿಷ್ಟು, ತಾನು ಬೆರಳಿಂದ ನೋಡಿ ಹೇಳುತ್ತೇನೆ ಎಂದರು. ಆಗ ಆ ಚಾಚಿದ ಕೈಗೆ ಕತ್ತಿ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಟ್ಟಲನ್ನು ನೋಡಿ ಬಂದವನಿಗೆ ಅಪ್ಪನ ಮುಂದೆ ಶಿಷ್ಯನ ಹಾಗೆ ಕೂರುವ ಮುಖ ಇರಲಿಲ್ಲ. ಬೇಡ ಎಂದು ಒದ್ದು ಹೋದ ಕೆಲಸವನ್ನು ಯಾವ ಬಾಯಲ್ಲಿ ಕಲಿಸಿ ಎಂದು ಕೇಳುವುದು? ಅದಕ್ಕಿಂತ ತಾನೇ ಮಾಡಿ, ಹೊಳೆಯುವ ಕತ್ತಿಯನ್ನು ತಂದು ಅವರ ಅಂಗೈಯಲ್ಲಿಡುವುದು ಮೇಲು. ಅದನ್ನು ಮುಟ್ಟಿ ನೋಡಿದರೆ ಹಳೆಯದೆಲ್ಲ ಮರೆತಾರು. ಮೊದಲು ಒಂದಿಷ್ಟು ತೊಳೆದುಕೊಂಡು ಬರುತ್ತೇನೆಂದು ಹೇಳಿ, ಕತ್ತಿಯನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ನಡೆದ. ಸಾಹೇಬರ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಮಗುವಿನ ತಲೆಗೆ ಹಿಂದಿರುಗಿತು.

ಮೊದಮೊದಲು ಅವನು ಕೆಟ್ಟದ್ದೇನೂ ಮಾಡಲಿಲ್ಲ ಅನ್ನಬೇಕು. ಹಿಡಿಯ ಮೊಳೆಯನ್ನು ಮೆಲ್ಲಗೆ ಬಡಿದು ತೆಗೆದು ಅಲಗನ್ನು ಬೇರೆ ಮಾಡಿದ. ಒಂದು ದಿನವಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಇಟ್ಟಿಗೆ ಪುಡಿಗೆ ಎಣ್ಣೆ ಕಲಸಿ ಚಿಂದಿಯಲ್ಲಿ ಉಜ್ಜಿದ. ಕಂದು ನೀರು ಇಳಿಯುತ್ತಿದ್ದಂತೆ ಅಲಗಿನ ಬುಡದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು ಒಂದೊಂದೇ ಎದ್ದು ಬಂದವು. ಅವನಿಗೆ ಓದಲು ಬಾರದು. ಆದರೂ ಕಳೆದುಹೋದ ವಸ್ತು ಸಿಕ್ಕಿದವನಂತೆ ಹಿಗ್ಗಿದ. ಹಿಡಿಯ ಕೊಂಬಿಗೆ ಕೊಬ್ಬರಿ ಎಣ್ಣೆ ತಿಕ್ಕಿದರೆ ಅದು ನೇರಳೆ ಹಣ್ಣಿನಂತೆ ಕರ್ರಗೆ ಮಿಂಚಿತು. ಜೀವಮಾನದಲ್ಲಿ ಮೊದಲ ಸಲ, ಅಪ್ಪ ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ವಸ್ತುವಿನ ತೂಕ ಎಷ್ಟು ಎಂದು ತಿಳಿಯಿತು. ಇಷ್ಟು ಹಗುರವಾದದ್ದಕ್ಕೆ ಅಷ್ಟೊಂದು ನಾಚಿಕೊಂಡೆನೇ ಎಂದೂ ಅನ್ನಿಸಿತು.

ಆಮೇಲೆ ತೊಡಕು ಶುರುವಾಯಿತು. ಮೇಲಿನ ತುಕ್ಕು ಹೋದರೂ ಒಳಗೆ ಕೊರೆದಿದ್ದ ಕರಿ ಚುಕ್ಕೆಗಳು ಹೋಗಲಿಲ್ಲ. ಸಾಣೆಕಲ್ಲಿನ ಮೇಲೆ ಅಲಗನ್ನು ಹೇಗೆ ಮಲಗಿಸಬೇಕೆಂದು ಗೊತ್ತಾಗದೆ, ಒಮ್ಮೆ ಎತ್ತಿ ಹಿಡಿದ, ಒಮ್ಮೆ ಒತ್ತಿ ಹಿಡಿದ. ಅಂಚು ಅಂಕುಡೊಂಕಾಯಿತು, ಹೆಬ್ಬೆರಳು ಕೊಯ್ದುಕೊಂಡ. ಸಂಜೆ ಮನೆಗೆ ಹೋದಾಗ ಸಾಹೇಬರು ಕತ್ತಿ ಎಲ್ಲಿ ಎಂದು ಕೇಳುವರು, ಇವನು ನಾಳೆ ಎನ್ನುವನು. ಮಾರನೆಯ ಸಂಜೆಯೂ ಅದೇ ಪ್ರಶ್ನೆ, ಅದೇ ನಾಳೆ. ಹೀಗೆ ಐದನೆಯ ದಿನ ಬಂತು.

ಕಲಾಯಿಯವನಿಗೆ ಕಸುಬಿನಿಂದ ಬಂದ ಒಂದು ನಂಬಿಕೆ ಇದೆ: ಉಜ್ಜಿದರೆ ಹೋಗದ ಕೊಳೆ ಬೆಂಕಿಗೆ ಹೋಗುತ್ತದೆ. ತಾಮ್ರದ ಮಟ್ಟಿಗೆ ಅದು ನಿಜ. ತಾಮ್ರವನ್ನು ನೀವು ಹತ್ತು ಸಲ ಕಾಯಿಸಿ, ಅದು ತಾಮ್ರವೇ. ಉಕ್ಕಿನ ಜಾತಿ ಬೇರೆ. ಅದರ ಹದವನ್ನು ಮಾಡಿದವನು ಒಂದೇ ಸಲ ಕೊಟ್ಟಿರುತ್ತಾನೆ. ಮತ್ತೆ ಬೆಂಕಿ ತೋರಿಸಿದರೆ ಆ ಹದ ಇಳಿದು ಅಲಗು ಮೆತ್ತಗಾಗುತ್ತದೆ. ಪಕ್ಕದ ಬೀದಿಯ ಯಾವ ಕಮ್ಮಾರನನ್ನು ಕೇಳಿದ್ದರೂ ಹೇಳುತ್ತಿದ್ದ. ಮನೆಯ ಜಗಲಿಯ ಮೇಲೆ ಕೂತಿದ್ದ ಕುರುಡ ತಂದೆ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಸರ್ದಾರ್ ಪಾಷಾ ಯಾರನ್ನೂ ಕೇಳಲಿಲ್ಲ. ಇದ್ದಿಲು ಸುರಿದು ತಿದಿ ಒತ್ತಿ, ಇಕ್ಕಳದಲ್ಲಿ ಅಲಗನ್ನು ಹಿಡಿದು ಕೆಂಡದ ಮೇಲೆ ತಿರುಗಿಸಿದ. ಅಲಗು ಮೊದಲು ಹುಲ್ಲಿನ ಹಳದಿಗೆ ತಿರುಗಿತು, ಆಮೇಲೆ ಕಂದು, ಆಮೇಲೆ ನೀಲಿ. ನವಿಲಿನ ಕುತ್ತಿಗೆಯ ಹಾಗಿದ್ದ ಆ ನೀಲಿಯನ್ನು ನೋಡಿ, ಎಷ್ಟು ಚೆನ್ನಾಗಿದೆ ಎಂದು ಅವನು ಅಂದುಕೊಂಡ ಗಳಿಗೆಯಲ್ಲೇ ಆ ಕತ್ತಿ ಸತ್ತಿತ್ತು. ಮೇಲೆ ನವಸಾಗರ ಬೇರೆ ಎರಚಿದ. ಬಿಳಿ ಹೊಗೆ ಎದ್ದಿತು, ಚುಕ್ಕೆಗಳು ಉದುರಿದವು. ತವರ ಸವರಲಿಲ್ಲ, ಅದೊಂದು ಪುಣ್ಯ.

ಉಜ್ಜಿದ ಮೇಲೆ ಅಲಗು ಬೆಳ್ಳಿಯ ಹಾಗೆ ಬಂತು. ಕಲ್ಲಿನ ಮೇಲೆ ಈಗ ಎಷ್ಟು ಸುಲಭವಾಗಿ ಮಸೆಯುತ್ತಿದೆ ಎಂದು ಅವನಿಗೆ ಆಶ್ಚರ್ಯ. ಬೆಂಕಿಯಿಂದ ಒಳ್ಳೆಯದೇ ಆಯಿತು ಎಂದುಕೊಂಡ. ಮುಂಗೈಯ ಮೇಲೆ ಆಡಿಸಿದರೆ ನಾಲ್ಕು ಕೂದಲು ಹೋದವು, ಐದನೆಯದಕ್ಕೆ ಜಾರಿತು. ಚರ್ಮದ ಪಟ್ಟಿಗೆ ಇನ್ನಷ್ಟು ತಿಕ್ಕಬೇಕೇನೋ ಎಂದುಕೊಂಡು ಹೊಸ ಹಿತ್ತಾಳೆ ಮೊಳೆ ಬಡಿದು ಹಿಡಿ ಜೋಡಿಸಿದ.

ಆರನೆಯ ದಿನ ಸಂಜೆಯ ನಮಾಜು ಮುಗಿಸಿ ಬಂದು ಕತ್ತಿಯನ್ನು ತಂದೆಯ ಅಂಗೈಯಲ್ಲಿ ಇಟ್ಟ. ಸಾಹೇಬರ ಮುಖ ಇಷ್ಟಗಲ ಆಯಿತು. ಹಿಡಿಯನ್ನು ಸವರಿದರು, ಮೊಳೆಯ ತಲೆಯನ್ನು ಬೆರಳಿಂದ ಒತ್ತಿ ನೋಡಿ ಚೆನ್ನಾಗಿ ಹೊಡೆದಿದ್ದೀಯ ಎಂದರು. ಅಲಗನ್ನು ಬಿಡಿಸಿದರು, ಈಗ ಅದು ಸದ್ದಿಲ್ಲದೆ ಬಿಚ್ಚಿಕೊಂಡಿತು. ಉದ್ದಕ್ಕೂ ಬೆರಳಾಡಿಸಿ, ಎಲ್ಲೂ ಒರಟಿಲ್ಲವೆಂದು ತಲೆದೂಗಿದರು. ನಫೀಸಾ ಬಾಗಿಲ ಮರೆಯಲ್ಲಿ ನಿಂತು ನಗುತ್ತಿದ್ದಳು. ಸರ್ದಾರ್ ಪಾಷಾನಿಗೆ ಹದಿನಾರು ವರ್ಷದ ಭಾರ ಇಳಿದಂತೆ ಆಗಿತ್ತು.

ಆಮೇಲೆ ಸಾಹೇಬರು ಅಂಚನ್ನು ತಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆದರು. ನಿಂತರು. ಇನ್ನೊಂದು ಸಲ ಎಳೆದರು. ಬದುಕಿರುವ ಉಕ್ಕು ಉಗುರನ್ನು ಕಚ್ಚುತ್ತದೆ. ಇದು ಉಗುರಿಗೆ ಸೋತು ಮಡಚಿಕೊಳ್ಳುತ್ತಿತ್ತು. ಕತ್ತಿಯನ್ನು ಮೂಗಿನ ಹತ್ತಿರ ತಂದು ಮೂಸಿದರು. ನವಸಾಗರದ ವಾಸನೆ ಅಷ್ಟು ಬೇಗ ಹೋಗುವುದಿಲ್ಲ.

“ಬೆಂಕಿಗೆ ಇಟ್ಟಿದ್ಯಾ?” ಎಂದು ಕೇಳಿದರು.

ಕೋಪದಿಂದ ಕೇಳಲಿಲ್ಲ. ಜ್ವರ ಬಂದಿದೆಯಾ ಎಂದು ಕೇಳಿದಂತೆ ಕೇಳಿದರು. ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಆ ದನಿ ಕೇಳಿದ ಕೂಡಲೇ ತಾನು ಏನೋ ಕೆಡಿಸಿದ್ದೇನೆಂದು ಅವನಿಗೆ ಹೊಳೆಯಿತು. ಹೊಳೆದದ್ದೇ ಹದಿನೇಳರ ಹುಡುಗನಾಗಿಬಿಟ್ಟ.

“ಇಲ್ಲ ಅಬ್ಬಾ” ಎಂದ.

ಸಾಹೇಬರು ಕತ್ತಿಯನ್ನು ಮೂಗಿನಿಂದ ಇಳಿಸಿದರು. “ಸರಿ ಬುಡು. ಹಳೇ ಕತ್ತಿ. ತುಕ್ಕು ಒಳಗೊಳಗೇ ತಿಂದಿರ್ಬೋದು” ಎಂದು ಅಲಗನ್ನು ಮಡಚಿದರು. ಪಿರಿಯಾಪಟ್ಟಣದಲ್ಲಿ ಗಿರಾಕಿಯಾಗಿ ನಿಂತ ಹಾಗೆಯೇ ಈಗಲೂ ಮಗನ ಸುಳ್ಳಿಗೆ ತಾವೇ ಜಾಗ ಮಾಡಿಕೊಟ್ಟರು. ನಾಳೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಕ್ಷೌರದ ಅಂಗಡಿ ಇಟ್ಟಿರುವ ನಜೀರನಿಗೂ ಬರಹೇಳು, ಎಳೆಯ ನೆತ್ತಿ, ಪಳಗಿದ ಕೈ ಒಂದು ಹತ್ತಿರ ಇರಲಿ ಎಂದಷ್ಟೇ ಹೇಳಿದರು. ಆದರೂ ಆ ರಾತ್ರಿ ಮಲಗುವ ತನಕ ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕುತ್ತಲೇ ಇದ್ದರು. ತಿಕ್ಕಿದರೆ ಬರುವಂಥದ್ದಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಏಳನೆಯ ದಿನ ಓಣಿಯ ಹಿರಿಯರೆಲ್ಲ ಬಂದು ಪಡಸಾಲೆಯಲ್ಲಿ ಕೂತರು. ಮದುವೆಗಳಲ್ಲಿ ಸಾಹೇಬರನ್ನು ಕೊನೆಯ ಸಾಲಿಗೆ ಕರೆಯುತ್ತಿದ್ದವರೇ. ಈ ಮನೆಯಲ್ಲಿ ಮೊದಲ ಜಾಗ ಸಾಹೇಬರದು. ಮಗುವಿನ ತಲೆಗೆ ಬಿಸಿನೀರು ಸವರಿದರು. ಸಾಹೇಬರು ಕತ್ತಿಯನ್ನು ಮಗನ ಕೈಗೆ ಕೊಟ್ಟು, ಹಣೆಯ ಮೇಲಿಂದ ಒಂದು ಎಳೆತ ಸಾಕು, ಕೈ ಹಗುರವಾಗಿರಲಿ ಎಂದು ಅವನ ಮಣಿಕಟ್ಟಿನ ಮೇಲೆ ತಮ್ಮ ಬೆರಳು ಇಟ್ಟರು. ಸರ್ದಾರ್ ಪಾಷಾ ಎಳೆದ. ಕತ್ತಿ ಚಮಚದ ಬೆನ್ನಿನ ಹಾಗೆ ಜಾರಿತು. ಒಂದು ಕೂದಲೂ ಬರಲಿಲ್ಲ. ಮಗು ಕಿಟಾರನೆ ಕಿರುಚಿಕೊಂಡಿತು, ನಫೀಸಾ ಬಾಚಿ ಎತ್ತಿಕೊಂಡಳು.

ನಜೀರ್ ಮುಂದೆ ಬಂದ. ಇಪ್ಪತ್ತೈದರ ಹುಡುಗ, ಒಳ್ಳೆಯ ಕೆಲಸಗಾರ, ನಾಲಿಗೆಗೆ ಮಾತ್ರ ಹಿಡಿತವಿಲ್ಲ. ತನ್ನ ಕತ್ತಿಯಲ್ಲಿ ಮಗುವಿಗೆ ಗೊತ್ತೇ ಆಗದಂತೆ ಕೂದಲು ಇಳಿಸಿ, ಕೈ ಒರೆಸಿಕೊಂಡ ಮೇಲೆ ಸಾಹೇಬರ ಕತ್ತಿಯನ್ನು ಎತ್ತಿ ನೋಡಿದ. ಉಗುರಿಗೆ ಎಳೆದ. ಅಕ್ಷರಗಳನ್ನು ನೋಡಿ ಅವನ ಹುಬ್ಬು ಮೇಲೇರಿತು.

“ಇಂಥ ಮಾಲು ಈಗ ದುಡ್ಡು ಕೊಟ್ರೂ ಸಿಗಲ್ಲ. ಯಾರೋ ಬೆಂಕಿಗೆ ತೋರ್ಸಿ ಹದ ತೆಗ್ದವ್ರೆ. ಯಾರು ಮಾಡಿದ್ದು ಈ ಕೆಲ್ಸ?” ಎಂದ.

ಸರ್ದಾರ್ ಪಾಷಾ ಬಾಯಿ ತೆರೆದ. ನಾನು ಎನ್ನುವ ಎರಡಕ್ಷರ. ಆ ಎರಡಕ್ಷರ ಹೊರಡುವ ಮೊದಲೇ ಪಕ್ಕದಿಂದ ಮಾತು ಬಂತು.

“ನಾನೇ ಕಣಪ್ಪ” ಎಂದರು ಅಸದುಲ್ಲಾ ಸಾಹೇಬರು. “ಕಣ್ಣು ಕಾಣಲ್ಲ ನೋಡು. ಒಲೆ ಪಕ್ಕ ಇಟ್ಟು ಮರ್ತ್ಬುಟ್ಟೆ.”

ಯಾರೋ ನಕ್ಕರು. ನಲವತ್ತು ವರ್ಷ ಕತ್ತಿ ಹಿಡಿದವರೇ ಕತ್ತಿ ಸುಟ್ಟುಕೊಂಡರೆ ಹೇಗೆ ಸಾಬರೇ ಎಂದು ಒಬ್ಬ ಹಿರಿಯರು ತಮಾಷೆ ಮಾಡಿದರು. ಸಾಹೇಬರೂ ಅವರ ಜೊತೆ ನಕ್ಕರು. ತಮ್ಮ ಕಸುಬಿನಲ್ಲಿ ಒಂದು ದಿನವೂ ಒಂದು ಮಾತು ಕೇಳದವರು, ಆ ದಿನ ಕೇಳಿದರು. ಸರ್ದಾರ್ ಪಾಷಾ ತೆರೆದ ಬಾಯಿ ಮುಚ್ಚಿಕೊಂಡ. ಮಗುವಿಗೆ ಅಜ್ಮತುನ್ನೀಸಾ ಎಂದು ಹೆಸರಿಟ್ಟರು. ಊಟವಾಯಿತು, ಎಲ್ಲರೂ ಎದ್ದರು.

ನಜೀರನನ್ನು ಕಳಿಸಲು ಓಣಿಯ ತುದಿಯ ತನಕ ಹೋದಾಗ, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕತ್ತಿ ಸುಟ್ಟದ್ದು ತಾನು ಎಂದು ಸರ್ದಾರ್ ಪಾಷಾ ಹೇಳಿದ. ನಜೀರ್ ನೆಲ ನೋಡಿದ.

“ಒಲೆ ಪಕ್ಕ ಬಿದ್ದಿದ್ದ ಕತ್ತಿ ಮಸಿ ಹಿಡೀತದೆ ಅಣ್ಣ” ಎಂದ. “ಆ ಹೊಳಪು ಹುಣಸೂರ್ನಲ್ಲಿ ನಿಮ್ಮೊಬ್ರ ಕೈಗೇ ಬರೋದು. ನಾನು ಬಾಯಿಬಿಟ್ಟ ಮೇಲೇ ನಂಗೆ ಹೊಳೀತು. ಅಲ್ಲಿದ್ದೋರ್ಗೂ ಹೊಳ್ದಿರ್ತದೆ.”

ಅಂದರೆ ಪಡಸಾಲೆಯಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ತಂದೆ ಸುಳ್ಳು ಹೇಳಿದ್ದೂ, ಮಗ ಹೇಳಿಸಿಕೊಂಡು ಕೂತದ್ದೂ.

ಆಮೇಲೆ ಸಾಹೇಬರು ಏಳು ತಿಂಗಳು ಬದುಕಿದ್ದರು. ಏಳು ತಿಂಗಳು ಎಂದರೆ ಇನ್ನೂರಕ್ಕೂ ಹೆಚ್ಚು ದಿನ. ಪ್ರತಿ ದಿನವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಅವನು ಏಳುತ್ತಿದ್ದ. ಒಂದು ಸಂಜೆ ತಂದೆಯ ಕಾಲು ಒತ್ತುತ್ತ ಕೂತಿದ್ದಾಗ, ಅಬ್ಬಾ, ಆ ಕತ್ತಿ ಎಂದು ಶುರುಮಾಡಿಯೂ ಮಾಡಿದ. ಸಾಹೇಬರು, ಹಳೇ ಕತ್ತಿ ಬುಡು, ಕಾಲಿನ ಆ ಕಡೆ ಒತ್ತು ಎಂದರು. ಅವನು ಆ ಕಡೆ ಒತ್ತಿದ. ಮಾತು ಅಲ್ಲಿಗೇ ನಿಂತಿತಲ್ಲ ಎಂದು ಮನಸ್ಸಿಗೆ ನಿರಾಳವೂ ಆಯಿತು. ಕತ್ತಿ ಸುಟ್ಟದ್ದು ತಿಳಿಯದೆ ಮಾಡಿದ್ದು, ಅದಕ್ಕೆ ಯಾರೂ ಅವನನ್ನು ದೂರಲಾರರು. ಆ ನಿರಾಳಕ್ಕೆ ಮಾತ್ರ ಅವನು ತನ್ನನ್ನು ತಾನು ಎಂದೂ ಕ್ಷಮಿಸಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ನಮಾಜಿಗೆ ಎಬ್ಬಿಸಲು ಹೋದರೆ ಸಾಹೇಬರು ಏಳಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಅವನು ಆ ಕತ್ತಿಯನ್ನು ಅಂಗಡಿಗೆ ತಂದು, ಕುಲುಮೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಕಲಾಯಿ ಅಂಗಡಿಯಲ್ಲಿ ಕ್ಷೌರದ ಕತ್ತಿ ಕಂಡರೆ ಯಾರಾದರೂ ಕೇಳುತ್ತಾರೆ. ಕೇಳಿದವರಿಗೆಲ್ಲ ಒಂದೇ ಉತ್ತರ: ನಮ್ಮ ತಂದೆಯವರ ಕತ್ತಿ, ಅವರು ಕ್ಷೌರ ಮಾಡುತ್ತಿದ್ದರು, ಚೆನ್ನಾಗಿದ್ದದ್ದನ್ನು ನಾನೇ ಬೆಂಕಿಗೆ ಹಾಕಿ ಕೆಡಿಸಿದೆ. ಮಾತು ಕಡಿಮೆಯವನು ಇದನ್ನು ಮಾತ್ರ ಪೂರ್ತಿ ಹೇಳುತ್ತಿದ್ದ. ಪಾತ್ರೆ ಕೊಟ್ಟು ಹೋಗಲು ಬಂದ ಹೆಂಗಸರು, ಗಾಡಿಯವರು, ಹಾಂ ಹೂಂ ಎಂದು ಕೇಳಿಕೊಂಡು ಹೋಗುತ್ತಿದ್ದರು. ಅವರಿಗೆ ಅದರಿಂದ ಆಗಬೇಕಾದ್ದು ಏನಿದೆ? ಕೇಳಬೇಕಾಗಿದ್ದವರು ಒಬ್ಬರೇ.

ಯುದ್ಧ ಬಂತು. ಮಲಯದ ಕಡೆಯಿಂದ ತವರ ಬರುವುದು ನಿಂತು, ಅಂಗಡಿಯಲ್ಲಿ ವಾರಕ್ಕೆ ಎರಡು ದಿನ ಬೆಂಕಿ ಹಾಕಿದರೆ ಹೆಚ್ಚು. ಅಂಥ ಒಂದು ದಿನ ಕಟ್ಟೆಮಳಲವಾಡಿಯ ಕೆಂಪಯ್ಯ ಎಂಬ ಮುದುಕ ಗೌಡರು ಒಂದು ಕೊಳಗ ಹೊತ್ತುಕೊಂಡು ಬಂದರು. ಗೋಡೆಯ ಕಡೆ ನೋಡಿ ಕೇಳಿದರು. ಸರ್ದಾರ್ ಪಾಷಾ ತನ್ನ ಪಾಠ ಒಪ್ಪಿಸಿದ. ಮುದುಕರು ಕೊಳಗವನ್ನು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದರು.

“ಅಸದುಲ್ಲಾ ಸಾಬ್ರ ಮಗ್ನಾ ನೀನು? ಪಿರಿಯಾಪಟ್ಣದಲ್ಲಿದ್ದೋನು?” ಎಂದರು. “ನಿನ್ ಬಟ್ಲ ನೋಡಿವ್ನಿ ಕಣಪ್ಪ ನಾನು.”

ಅವನಿಗೆ ಅರ್ಥವಾಗಲಿಲ್ಲ.

“ಸಾಬ್ರು ಯಾಡು ಬಟ್ಲು ತರೋರು. ನೀರ್ ಆಕ್ಕಳಕ್ಕೆ ಒಂದು. ಇನ್ನೊಂದ ಅರಿವೇಲಿ ಸುತ್ಕೊಂಡು ಅಡಪದ ತಳದಲ್ಲಿ ಮಡಗೋರು. ಕೆಲ್ಸ ಆದೇಟ್ಗೆ ಬಿಚ್ಚಿ ನಮ್ ಜಗ್ಲಿ ಮ್ಯಾಲೆ ಮಡಗಿ, ಇದು ನಮ್ ಉಡುಗ ಮಾಡಿದ್ದು ಗೌಡ್ರೆ, ಬಗ್ಗಿ ನೋಡಿ, ನಿಮ್ ಮೊಕ ಕಾಣ್ತದೆ ಅನ್ನೋರು. ಕನ್ನಡಿ ಐತಲ್ಲ ಸಾಬ್ರೆ ಅಂದ್ರೆ, ಇದ್ರಲ್ಲೇ ನೋಡಿ ಅನ್ನೋರು. ಇದ್ರಲ್ಲೇ ನೀರ್ ಆಕ್ಕಳಿ ಅಂದ್ರೆ, ಬ್ಯಾಡಿ, ಸವದೋಯ್ತದೆ ಅನ್ನೋರು. ವಾರ್ವಾರ ಇದೇಯ. ನಮ್ಮಳ್ಳೀಲಿ ಅದ್ರಲ್ಲಿ ಮೊಕ ನೋಡ್ಕಳ್ದೋರೇ ಇಲ್ಲ.”

ಸರ್ದಾರ್ ಪಾಷಾ ಕೊಳಗವನ್ನು ಕೈಗೆ ತೆಗೆದುಕೊಂಡ, ಮತ್ತೆ ಇಟ್ಟ. ಇವತ್ತು ಬೆಂಕಿ ಹಾಕುವುದಿಲ್ಲ, ನಾಳೆ ಬನ್ನಿ ಎಂದು ಹೇಳಿ ಅಂಗಡಿಯ ಹಲಗೆ ಮುಚ್ಚಿ ಮನೆಗೆ ಬಂದ. ಯಾರನ್ನೂ ಮಾತಾಡಿಸದೆ ಅಟ್ಟ ಹತ್ತಿದ. ಹಡಪದ ತಳದಿಂದ ಗಂಟನ್ನು ತೆಗೆದು ಗವಾಕ್ಷಿಯ ಬೆಳಕಿಗೆ ಹಿಡಿದ. ಮೊದಲ ಸಲ ಬಿಚ್ಚಿದಾಗ ಬಟ್ಟಲನ್ನಷ್ಟೇ ನೋಡಿದ್ದ, ಬಟ್ಟೆಯನ್ನು ನೋಡಿರಲಿಲ್ಲ. ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಮಡಿಕೆ ಬಿದ್ದಲ್ಲೆಲ್ಲ ಅದು ಸವೆದು ತೂತಾಗಿತ್ತು.

ಬಟ್ಟಲೊಳಗೆ ಬಗ್ಗಿ ನೋಡಿದ. ನರೆ ಬೆರೆತ ಗಡ್ಡದ ತನ್ನ ಮುಖ ಸ್ಪಷ್ಟವಾಗಿ ಕಂಡಿತು. ಪಿರಿಯಾಪಟ್ಟಣದಲ್ಲಿ ಹಲ್ಲಿನ ತನಕ ಬಂದು ನಿಂತಿದ್ದ ಕರೆ ಆಗ ಗಟ್ಟಿಯಾಗಿಯೇ ಹೊರಬಂತು. ಕೆಳಗಿನಿಂದ ನಫೀಸಾ, ಯಾರನ್ನು ಕರೆದಿರಿ ಎಂದು ಕೇಳಿದಳು.

ಅಬ್ಬಾನನ್ನು ಎಂದ ಅವನು. ಅವಳು ಏಣಿಯ ಬುಡದಲ್ಲೇ ನಿಂತಳು.